ಇಪ್ಪತ್ತರ ಸ್ಪೀಡಿನಲ್ಲಿ ಬಿದ್ದ ಕೇಸು

ಎಫ್‌ಐಆರ್ ಪ್ರತಿ ಕೈಗೆ ಬಂದಾಗ ನನ್ನ ಕಣ್ಣು ಒಂದೇ ಪದದ ಮೇಲೆ ಹೋಗಿ ನಿಂತಿತು. ‘ಸದರಿ ಕಾರಿನ ಚಾಲಕನು ತನ್ನ ಕಾರನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು, ಪಿರ್ಯಾದಿಯ ತಂದೆಯವರು ಬರುತ್ತಿದ್ದ ಟಿವಿಎಸ್ ಎಕ್ಸೆಲ್ ವಾಹನಕ್ಕೆ ಡಿಕ್ಕಿಪಡಿಸಿದ್ದರಿಂದ...’ ಎಂದಿತ್ತು. ಅತಿವೇಗ! ನನ್ನ ಕಾರು ಆಗ ಎರಡನೇ ಗೇರಿನಲ್ಲಿತ್ತು. ಇಪ್ಪತ್ತು, ಬಹಳ ಅಂದರೆ ಇಪ್ಪತ್ತೈದು. ಠಾಣೆಯ ಬೆಂಚಿನ ಮೇಲೆ ಕೂತು ಆ ಒಂದು ಪದಕ್ಕೆ ಎಷ್ಟು ಕುದ್ದೆನೆಂದರೆ, ಅದರ ಪಕ್ಕದಲ್ಲೇ ಇದ್ದ ‘ಅಜಾಗರೂಕತೆ’ಯನ್ನು ಓದಿದ ನೆನಪೇ ಇಲ್ಲ.

ಮಂಡ್ಯದಲ್ಲಿ ನನ್ನದೊಂದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಊರ ನಡುವೆ ಹಾದುಹೋಗುವ ಹಳೇ ಬೆಂಗಳೂರು–ಮೈಸೂರು ರಸ್ತೆಯಿಂದ ಒಂದು ಅಡ್ಡರಸ್ತೆಗೆ ತಿರುಗಿದರೆ ನಾಲ್ಕನೇ ಮಳಿಗೆ. ಆ ಅಡ್ಡರಸ್ತೆ ದಾಟಿ ಸ್ವಲ್ಪ ಮುಂದೆ, ಅದೇ ಮಗ್ಗುಲಲ್ಲಿ, ನಾನು ಡೀಸೆಲ್ ಹಾಕಿಸುವ ಬಂಕ್. ಬಂಕಿನಿಂದ ಅಂಗಡಿಗೆ ನ್ಯಾಯವಾಗಿ ಬರಬೇಕೆಂದರೆ ಮುಂದಕ್ಕೆ ಹೋಗಿ, ಡಿವೈಡರ್ ಬಿಟ್ಟಿರುವಲ್ಲಿ ತಿರುಗಿ, ಆಚೆ ಬದಿಯಲ್ಲಿ ಅಷ್ಟು ದೂರ ವಾಪಸ್ ಹೋಗಿ, ಮತ್ತೊಂದು ಕಡೆ ತಿರುಗಿಕೊಂಡು ಬರಬೇಕು. ಒಂದೂವರೆ ಕಿಲೋಮೀಟರ್, ಎರಡು ಯೂ ಟರ್ನ್, ಕಬ್ಬಿನ ಕಾಲವಾದರೆ ಟ್ರ್ಯಾಕ್ಟರುಗಳ ಹಿಂದೆ ಹತ್ತು ನಿಮಿಷ. ರಾಂಗ್ ಸೈಡಿನಲ್ಲಿ ಬಂದರೆ ನೂರೈವತ್ತು ಮೀಟರ್. ಹೆಡ್‌ಲೈಟ್ ಹಾಕಿಕೊಂಡು, ಚರಂಡಿ ಬದಿಗೆ ಒತ್ತಿಕೊಂಡು, ಎದುರಿಗೆ ಬಂದವರಿಗೆ ಕೈಯೆತ್ತಿ ನಮಸ್ಕಾರದಂಥದ್ದೊಂದು ಮಾಡುತ್ತಾ ಹದಿನೈದು ವರ್ಷ ಹಾಗೇ ಬಂದವನು ನಾನು. ನಮ್ಮ ಬೀದಿಯ ಅಂಗಡಿಯವರೆಲ್ಲ ಹಾಗೇ ಬರುತ್ತಾರೆ.

ಅಜಾಗರೂಕ ಚಾಲನೆ ಅಂದರೆ ನನ್ನ ಕಣ್ಣಿಗೆ ಬರುತ್ತಿದ್ದ ಚಿತ್ರ ಬೇರೆ. ಊರಾಚೆ ಬೈಪಾಸಿನಲ್ಲಿ ಸುಂಯ್ ಎಂದು ಹೋಗುವ ಕಾರುಗಳು. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿ ಹೋದ ಮೇಲೆ ಆ ದಶಪಥದಲ್ಲಿ ಆದ ಸಾವುಗಳ ಸುದ್ದಿ ಓದದ ದಿನವಿರಲಿಲ್ಲ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಕಾರಿಗೆ ನೂರರ ಮಿತಿ ಬಂತು, ಕ್ಯಾಮೆರಾಗಳು ಬಂದವು. 2024ರ ಆಗಸ್ಟಿನಿಂದ 130 ದಾಟಿದವರ ಮೇಲೆ ಬರೀ ದಂಡವಲ್ಲ, ಎಫ್‌ಐಆರ್ ಹಾಕುತ್ತೇವೆಂದು ಪೊಲೀಸರು ಹೇಳಿದಾಗ, ಅಂಗಡಿಯಲ್ಲಿ ಪೇಪರ್ ಮಡಚಿ “ಹಿಂಗೆ ಮಾಡಬೇಕು ಇವರಿಗೆ” ಅಂದವನು ನಾನೇ. ಆಮೇಲೆ ಮೂರು ತಿಂಗಳಿಗೆ ಅದೇ ಕಲಮು ನನ್ನ ಮೇಲೆ ಬಿತ್ತು.

ನವೆಂಬರಿನ ಒಂದು ಸಂಜೆ, ಇನ್ನೂ ಬೆಳಕಿತ್ತು. ಬಂಕಿನಿಂದ ಹೊರಟು ಅಡ್ಡರಸ್ತೆ ಬಾಯಿಗೆ ಬರುವಷ್ಟರಲ್ಲಿ, ಅಡ್ಡರಸ್ತೆಯಿಂದ ಎಕ್ಸೆಲ್ ಒಂದು ದೊಡ್ಡ ರಸ್ತೆಗೆ ಎಡಕ್ಕೆ ತಿರುಗಿತು. ಹಿಂದೆ ಹಸಿಹುಲ್ಲಿನ ಹೊರೆ. ಓಡಿಸುತ್ತಿದ್ದವರು ಅರವತ್ತರ ಆಸುಪಾಸಿನ ಯಜಮಾನರು. ಅವರು ಬಲಕ್ಕೆ ನೋಡುತ್ತಲೇ ತಿರುಗಿದರು. ಬಲದಿಂದ ತಾನೇ ಗಾಡಿಗಳು ಬರಬೇಕಾದದ್ದು? ನಾನು ಎಡದಿಂದ ಬಂದೆ. ಬ್ರೇಕ್ ಒತ್ತಿದೆ, ಕಾರು ನಿಂತೂ ನಿಂತಿತು; ನಿಲ್ಲುವ ಮುಂಚಿನ ಎರಡು ಅಡಿಯಲ್ಲಿ ಬಂಪರ್ ಎಕ್ಸೆಲ್‌ನ ಮುಂದಿನ ಚಕ್ರಕ್ಕೆ ತಾಗಿತ್ತು. ಗಾಡಿ ಮಗುಚಿತು. ಹುಲ್ಲಿನ ಹೊರೆ ಅವರ ಮೇಲೆ. ಅವರು ಬಲಗೈ ಊರಿ ಬಿದ್ದರು.

“ಏನಾಗಿಲ್ಲ ಬುಡಿ ಸಾ, ಎಕ್ಸೆಲ್ ಎತ್ತಿ ನಿಲ್ಸಿ ಸಾಕು” ಅಂದರು ಯಜಮಾನರು. ಮಣಿಕಟ್ಟು ಚಮಚದ ಹಿಡಿಯ ಹಾಗೆ ಬಾಗಿಹೋಗಿತ್ತು, ಅವರು ಅದನ್ನು ಇನ್ನೂ ನೋಡಿಕೊಂಡಿರಲಿಲ್ಲ.

ಜನ ಸೇರಿದರು. ಗುರುತಿನವರೇ ಜಾಸ್ತಿ. “ಐದ್ ಸಾವ್ರ ಕೊಟ್ಟು ಕಳಿಸ್ಬುಡಿ ಅಣ್ಣ, ಪೊಲೀಸು ಗಿಲೀಸು ಯಾಕೆ” ಅಂದ ಒಬ್ಬ. ಯಜಮಾನರೂ ತಲೆಯಾಡಿಸಿದರು. ಅವರ ಎಕ್ಸೆಲ್‌ಗೆ ಇನ್ಶೂರೆನ್ಸ್ ಮುಗಿದು ಎರಡು ವರ್ಷವಾಗಿತ್ತಂತೆ, ಪೊಲೀಸರೆಂದರೆ ತಮಗೇ ಕೇಸೆಂದು ಅವರ ಹೆದರಿಕೆ. ನಾನು ಪರ್ಸು ತೆಗೆದೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಅರ್ಥವಿಲ್ಲ: ಐನೂರರ ಹತ್ತು ನೋಟು ಎಣಿಸುತ್ತಿದ್ದೆ. ಆಗ ಸ್ಟ್ಯಾಂಡಿನ ಆಟೋದವನೊಬ್ಬ ನಡುವೆ ಬಂದು ಯಜಮಾನರ ಕಂಕುಳಿಗೆ ಕೈಕೊಟ್ಟು ಎತ್ತಿ, “ಮೊದ್ಲು ಆಸ್ಪತ್ರೆ, ಆಮೇಲೆ ಯಾಪಾರ” ಅಂದ. ನಾನೂ ಆಟೋ ಹತ್ತಿದೆ.

ಅಪಘಾತ ಮಾಡಿದ ಚಾಲಕ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು, ಪೊಲೀಸರಿಗೆ ಬೇಗ ತಿಳಿಸಬೇಕು, ಎಷ್ಟೇ ತಡವಾದರೂ 24 ಗಂಟೆಯೊಳಗೆ. ಇದು ಮೋಟಾರು ವಾಹನ ಕಾಯ್ದೆಯ 134ನೇ ಕಲಮು. ಮಾಡದಿದ್ದರೆ 187ರ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ನನಗೆ ಗೊತ್ತಾದದ್ದು ಆಮೇಲೆ, ವಕೀಲರ ಬಾಯಲ್ಲಿ. ನನ್ನ ಕೇಸಿನಲ್ಲಿ ಆ ಒಂದು ಕಲಮು ಸೇರಿಕೊಳ್ಳದೆ ಹೋದದ್ದು ಆಟೋದವನಿಂದ.

ಜಿಲ್ಲಾಸ್ಪತ್ರೆಯಲ್ಲಿ ‘ಹೇಗಾಯ್ತು’ ಎಂದು ಕೇಳಿದರು, ‘ಆಕ್ಸಿಡೆಂಟ್’ ಅಂದ ತಕ್ಷಣ ಎಂಎಲ್‌ಸಿ ಪುಸ್ತಕ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆಯುವ ಪುಸ್ತಕ, ತೆರೆದರು. ಅಲ್ಲಿಗೆ ರಸ್ತೆಬದಿಯ ಐದು ಸಾವಿರದ ಮಾತು ಮುಗಿದ ಹಾಗೆ. ಆಸ್ಪತ್ರೆಯಿಂದ ಸಂಚಾರ ಠಾಣೆಗೆ ಮೆಮೊ ಹೋಗುತ್ತದೆ, ನಾವು ಹೇಳಲಿ ಬಿಡಲಿ. ಎಕ್ಸ್‌ರೇ ಬಂತು: ಬಲ ಮಣಿಕಟ್ಟು ಮುರಿದಿದೆ, ಕಾಲರ್ ಬೋನೂ ಬಿಟ್ಟಿದೆ. ಅಷ್ಟೊತ್ತಿಗೆ ಮಗ ಬಂದ. ಮೂವತ್ತರೊಳಗಿನ ಹುಡುಗ, ಫ್ಯಾಕ್ಟರಿ ಕೆಲಸದ ಸಮವಸ್ತ್ರದಲ್ಲೇ ಓಡಿಬಂದಿದ್ದ. “ರಾಂಗ್ ಸೈಡಲ್ಲಿ ಬಂದವ್ರು ನೀವೇನಾ?” ಅಂತ ಒಂದೇ ಪ್ರಶ್ನೆ. ಹೂಂ ಅಂದೆ. ಅವನು ಮತ್ತೆ ನನ್ನ ಜೊತೆ ಮಾತಾಡಲಿಲ್ಲ, ರಾತ್ರಿಯೇ ಹೋಗಿ ದೂರು ಕೊಟ್ಟ.

ಠಾಣೆಯಲ್ಲಿ ಮೊದಲು ಊದಿಸಿದರು. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯ ದಾಟಿದರೆ ಅದೇ ಬೇರೆ ಅಪರಾಧ, ಮೊದಲ ಸಲಕ್ಕೇ 10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ನನಗೆ ಆ ಅಭ್ಯಾಸವಿಲ್ಲ, ಸೊನ್ನೆ ಬಂತು. ಸೊನ್ನೆ ಬಂದದ್ದಕ್ಕೆ ಒಂದು ಕ್ಷಣ ಹೆಮ್ಮೆಯಾಯಿತೆಂದು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆಮೇಲೆ ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ, ಎಲ್ಲದರ ಜೆರಾಕ್ಸ್. ಕಾರಿನ ಮಾಲೀಕನಿಗೆ 133ರ ನೋಟಿಸು: ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರು, ಬರೆದುಕೊಡಿ. ಮಾಲೀಕ ನಾನೇ, ಚಾಲಕ ನಾನೇ.

ಈ ನೋಟಿಸಿನ ಹತ್ತಿರ ಒಂದು ದಾರಿ ಕವಲೊಡೆಯುತ್ತದೆ, ನಮ್ಮೂರಿನಲ್ಲಿ ಅದನ್ನು ತೋರಿಸುವವರು ಬಹಳ. ಆ ರಾತ್ರಿ ನನ್ನ ಹತ್ತಿರದ ನೆಂಟರೊಬ್ಬರು ಫೋನ್ ಮಾಡಿ, “ಅಂಗಡಿ ಹುಡುಗನ ಹೆಸರು ಬರೆಸು, ಅವನಿಗೂ ಡಿಎಲ್ ಐತಲ್ಲ. ದಂಡ ನೀನೇ ಕಟ್ಟು, ಅವನಿಗೊಂದು ಹತ್ತು ಸಾವಿರ ಕೊಟ್ರಾಯ್ತು” ಅಂದರು. ಹುಡುಗನಿಗೆ ಇಪ್ಪತ್ಮೂರು ವರ್ಷ, ಕೆಎಸ್‌ಆರ್‌ಟಿಸಿ ಚಾಲಕನಾಗಬೇಕೆಂದು ಅರ್ಜಿ ಹಾಕಿಕೊಂಡು ಕೂತವನು. ಅವನ ಹೆಸರಿನ ಮೇಲೆ ಅಜಾಗರೂಕ ಚಾಲನೆಯ ಕೇಸು! ನಾನು ನನ್ನ ಹೆಸರು ಬರೆದು ಸಹಿ ಹಾಕಿದೆ. ದೊಡ್ಡ ಸತ್ಯವಂತನೆಂದು ಹೇಳಿಕೊಳ್ಳುತ್ತಿಲ್ಲ, ಬಂಕಿನ ಕ್ಯಾಮೆರಾದಲ್ಲಿ ನಾನು ಕಾರು ಹತ್ತಿದ್ದು ಸ್ಪಷ್ಟವಾಗಿತ್ತು ಎನ್ನುವುದೂ ತಲೆಯಲ್ಲಿತ್ತು.

ಜಾಮೀನು ಠಾಣೆಯಲ್ಲೇ ಆಯಿತು. ಹಾಕಿದ್ದು ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಎ), ಎರಡೂ ಜಾಮೀನು ಕೊಡಲೇಬೇಕಾದ ಕಲಮುಗಳು. ಶೂರಿಟಿಗೆ ಭಾವಮೈದುನ ಪಹಣಿ, ಆಧಾರ್ ಹಿಡಿದುಕೊಂಡು ಬಂದ. ಕಾರು ಮಾತ್ರ ಠಾಣೆಯ ಅಂಗಳದಲ್ಲಿ ಉಳಿಯಿತು. ಆ ಅಂಗಳ ನೋಡಬೇಕು. ಬೇರುಬಿಟ್ಟ ಬೈಕುಗಳು, ಒಳಗೆ ಗಿಡ ಬೆಳೆದ ಒಂದು ವ್ಯಾನು, ಗಾಜಿನ ಮೇಲೆ ಇನ್ನೂ ‘ಅಮ್ಮನ ಆಶೀರ್ವಾದ’ ಅಂತಿರುವ ಅಪ್ಪಚ್ಚಿಯಾದ ಆಟೋ.

ಮಾರನೆಯ ದಿನ ಬೆಳಿಗ್ಗೆ ಸ್ಥಳ ಮಹಜರು. ಎಎಸ್‌ಐ, ಒಬ್ಬ ಪೇದೆ, ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವ ಇಬ್ಬರು ಪಂಚರು. ಪಂಚರಲ್ಲಿ ಒಬ್ಬರು ನನ್ನ ಅಂಗಡಿಯೆದುರಿನ ಟೀ ಅಂಗಡಿಯವರು, ನನ್ನ ಮುಖ ನೋಡದೆ ಸಹಿ ಹಾಕಿ ಹೋದರು. ಟೇಪು ಹಿಡಿದು ರಸ್ತೆಯ ಅಗಲ ಅಳೆದರು, ಗಾಜಿನ ಚೂರು ಬಿದ್ದಲ್ಲಿಂದ ಡಿವೈಡರಿಗೆ ಎಷ್ಟು, ಅಡ್ಡರಸ್ತೆ ಬಾಯಿಗೆ ಎಷ್ಟು ಎಂದು ಬರೆದುಕೊಂಡರು. ಪೇದೆ ಟ್ಯಾಬಿನಲ್ಲಿ ಫೋಟೋ ತೆಗೆದು ಅಲ್ಲೇ ತುಂಬಿಸುತ್ತಿದ್ದರು. ನಾನು ಹಿಂದೆ ಹಿಂದೆ ಸುತ್ತುತ್ತಾ, “ಸಾರ್, ಬ್ರೇಕಿನ ಗುರುತು ನೋಡಿ, ಎರಡಡಿಯೂ ಇಲ್ಲ. ಅತಿವೇಗ ಅಂತ ಯಾಕೆ ಬರೆದ್ರಿ?” ಎಂದು ಪೀಡಿಸಿದೆ. ಎಎಸ್‌ಐ ವಯಸ್ಸಾದವರು, ನಿವೃತ್ತಿಗೆ ಹತ್ತಿರವಿದ್ದ ಹಾಗೆ ಕಂಡರು. ಅವರು ರೇಖಾಚಿತ್ರದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ರಸ್ತೆಯನ್ನು ಎರಡು ಗೆರೆಯಲ್ಲಿ ಬರೆದು, ನಡುವೆ ಮೈಸೂರು ಕಡೆಗೆ ಎಂದು ಒಂದು ಬಾಣ ಹಾಕಿದ್ದರು. ನನ್ನ ಕಾರನ್ನು ಒಂದು ಪುಟ್ಟ ಚೌಕವಾಗಿ ಬರೆದು ಅದರ ಮೂತಿಗೂ ಒಂದು ಬಾಣ. ಎರಡು ಬಾಣಗಳೂ ಗುದ್ದಾಡುವ ಟಗರುಗಳ ಹಾಗೆ ಎದುರುಬದುರು.

“ಸ್ಪೀಡ್ ಎಷ್ಟು ಅಂತ ನಾನ್ ಕೇಳಿದ್ನಾ ಸಾರ್?” ಅಂದರು. “ಬಾಣ ನೋಡಿ.”

ನಾನು ಸುಮ್ಮನಾದೆ.

ಎರಡು ದಿನ ಬಿಟ್ಟು ಮೋಟಾರು ವಾಹನ ನಿರೀಕ್ಷಕರು ಠಾಣೆಗೆ ಬಂದು ಕಾರು ನೋಡಿದರು. ಬ್ರೇಕ್ ಒತ್ತಿ, ಸ್ಟೇರಿಂಗ್ ಅಲ್ಲಾಡಿಸಿ, ಹತ್ತು ಹೆಜ್ಜೆ ಓಡಿಸಿ ನಿಲ್ಲಿಸಿ, ವರದಿಯ ಕೊನೆಗೆ ಬರೆದ ಸಾಲು: ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ. ಕಾರಿಗೆ ಕ್ಲೀನ್ ಸರ್ಟಿಫಿಕೇಟ್ ಸಿಕ್ಕಿತು. ಆಮೇಲೆ ಕಾಗದಪತ್ರ ಸರಿಯಿದ್ದದ್ದರಿಂದ ಮುಚ್ಚಳಿಕೆ ಬರೆಸಿಕೊಂಡು ಗಾಡಿ ಬಿಟ್ಟರು.

ನಮ್ಮ ವಕೀಲರು ಮೈಸೂರಿನಲ್ಲಿ ಓದಿ ಮಂಡ್ಯದಲ್ಲೇ ಪ್ರಾಕ್ಟೀಸ್ ಮಾಡುವವರು, ಗದ್ದೆಗೆ ಗೊಬ್ಬರವನ್ನು ನನ್ನ ಹತ್ತಿರವೇ ಕೊಳ್ಳುತ್ತಾರೆ. ನನ್ನ ಇಪ್ಪತ್ತರ ಸ್ಪೀಡಿನ ವಾದವನ್ನು ಅವರಿಗೂ ಒಪ್ಪಿಸಿದೆ. ಅವರು ಪುಸ್ತಕ ತೆಗೆದು 281ನ್ನು ಓದಿಸಿದರು. ಅದರಲ್ಲಿ ವೇಗದ ಅಂಕಿಯೇ ಇಲ್ಲ. ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು, ಮನುಷ್ಯರ ಜೀವಕ್ಕೆ ಅಪಾಯ ತರುವಷ್ಟು ಅಥವಾ ಬೇರೆಯವರಿಗೆ ನೋವಾಗುವ ಸಂಭವವಿರುವಷ್ಟು ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಓಡಿಸುವುದು, ಅಷ್ಟೆ. ಯಾರಿಗೂ ತಾಗಲೇಬೇಕು ಅಂತಲೂ ಇಲ್ಲ. ಅಂದರೆ ಎಕ್ಸೆಲ್‌ಗೆ ತಾಗಿದ ದಿನ ಒಂದೇ ಅಲ್ಲ, ಕೈಯೆತ್ತಿ ನಮಸ್ಕಾರ ಮಾಡುತ್ತಾ ಬಂದ ಹದಿನೈದು ವರ್ಷವೂ ನಾನು ಆ ಕಲಮಿನ ಒಳಗೇ ಓಡಾಡಿದ್ದೆ.

ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಸಾವಿರ ರೂಪಾಯಿ ಅಂತ ಕೇಳಿ ನನ್ನ ಮುಖ ಅರಳಿದ್ದನ್ನು ನೋಡಿ ವಕೀಲರು ಒಂದು ಕಥೆ ಹೇಳಿದರು. ಈ ಕಲಮು ಹಳೇ ದಂಡಸಂಹಿತೆಯ 279. ಅದು 1860ರದ್ದು. ಆಗ ಜಗತ್ತಿನಲ್ಲಿ ಮೋಟಾರು ಕಾರೇ ಹುಟ್ಟಿರಲಿಲ್ಲ, ಬರೆದವರ ಕಣ್ಣಮುಂದಿದ್ದದ್ದು ಸಾರೋಟು, ಜಟಕಾ, ಕುದುರೆ ಸವಾರ. ಆಗಲೂ ದಂಡ ಸಾವಿರ ರೂಪಾಯಿ. ಆ ಕಾಲದ ಸಾವಿರ ಅಂದರೆ ಗದ್ದೆ ಮಾರಬೇಕು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂತು, ನಂಬರು ಬದಲಾಯಿತು, ಸಾವಿರ ಸಾವಿರವಾಗಿಯೇ ಉಳಿಯಿತು.

ಬದಲಾದದ್ದು 125. ಗಾಯವಾದರೆ ‘ಎ’: ಆರು ತಿಂಗಳು, 5,000. ತೀವ್ರ ಗಾಯವಾದರೆ ‘ಬಿ’: ಮೂರು ವರ್ಷ, 10,000. ಹಳೇ ಕಾಯ್ದೆಯಲ್ಲಿ ತೀವ್ರ ಗಾಯಕ್ಕೆ ಎರಡು ವರ್ಷ, ಸಾವಿರ ರೂಪಾಯಿ ಇತ್ತು. “ನಿಮ್ಮದು ‘ಎ’ ಅಲ್ಲ, ‘ಬಿ’ ಆಗುತ್ತೆ ನೋಡ್ತಿರಿ” ಅಂದರು. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತಾನಾಗಿಯೇ ತೀವ್ರ ಗಾಯ. ಮುರಿಯದಿದ್ದರೂ ಹದಿನೈದು ದಿನ ತನ್ನ ಕೆಲಸ ತಾನು ಮಾಡಿಕೊಳ್ಳಲಾಗದಂತೆ ಆದರೂ ಅಷ್ಟೆ. ಮೊದಲು ಅದು ಇಪ್ಪತ್ತು ದಿನವಿತ್ತು. ಗಾಯದ ಪ್ರಮಾಣಪತ್ರ ಆಸ್ಪತ್ರೆಯಿಂದ ಠಾಣೆಗೆ ಬಂದ ಮೇಲೆ ಅವರು ಹೇಳಿದ ಹಾಗೇ ಚಾರ್ಜ್‌ಶೀಟಿನಲ್ಲಿ ‘ಎ’ ಹೋಗಿ ‘ಬಿ’ ಬಂತು.

ಮೋಟಾರು ವಾಹನ ಕಾಯ್ದೆಯ 184ನ್ನೂ ಅವರು ಓದಿ ತೋರಿಸಿದರು, ಅಪಾಯಕಾರಿ ಚಾಲನೆ. 2019ರ ತಿದ್ದುಪಡಿಯಲ್ಲಿ ಅಪಾಯಕಾರಿ ಅಂದರೆ ಏನೇನು ಎಂದು ಬಿಡಿಸಿ ಬರೆದಿದ್ದಾರೆ: ಕೆಂಪು ದೀಪ ಹಾರಿಸುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು, ನಿಯಮ ಮೀರಿ ಓವರ್‌ಟೇಕ್ ಮಾಡುವುದು, ಸಂಚಾರದ ದಿಕ್ಕಿಗೆ ಎದುರಾಗಿ ಓಡಿಸುವುದು. ಮೊದಲ ಸಲ ಸಾವಿರದಿಂದ ಐದು ಸಾವಿರ ದಂಡ ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಜೈಲು, 10,000 ದಂಡ. ಎದುರು ದಿಕ್ಕು ಅನ್ನುವುದು ಅಲ್ಲಿ ಮೊಬೈಲಿನ, ಕೆಂಪು ದೀಪದ ಸಾಲಿನಲ್ಲೇ ಕೂತಿದೆ.

ಒಂದು ಭಾನುವಾರ ಯಜಮಾನರ ಮನೆಗೆ ಹೋದೆ, ಹಣ್ಣು ಹಿಡಿದುಕೊಂಡು. ವಕೀಲರು ಬೇಡವೆಂದೂ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಮಗ ಜಗಲಿಯಲ್ಲಿ ನಿಂತೇ, “ಕೇಸ್ ವಾಪಸ್ ತಗೊಳಿ ಅನ್ನಕ್ಕೆ ಬಂದ್ರಾ?” ಅಂದ. ಅಲ್ಲ ಅಂದೆ. ಮನಸ್ಸಿನ ಒಂದು ಮೂಲೆಯಲ್ಲಿ ಅದೂ ಇತ್ತು. ವಿಷಯ ಏನೆಂದರೆ, 125ಕ್ಕೆ ಗಾಯಗೊಂಡವರು ಕೋರ್ಟಿನ ಅನುಮತಿ ಪಡೆದು ರಾಜಿ ಆಗಬಹುದು, 281ಕ್ಕೆ ರಾಜಿಯಿಲ್ಲ. ಮೊದಲನೆಯದರಲ್ಲಿ ಮುರಿದದ್ದು ಅವರ ಕೈ. ಎರಡನೆಯದರಲ್ಲಿ ಎದುರಿನ ಕಕ್ಷಿ ಆ ದಾರಿಯಲ್ಲಿ ಹೋಗುವ ಸಮಸ್ತರೂ, ಅವರ ಪರವಾಗಿ ಸರ್ಕಾರ.

ಯಜಮಾನರು ಒಳಗಿಂದ “ಯಾರ್ಲಾ ಅದು, ಕುಂತ್ಕಳಕ್ಕೆ ಹೇಳು” ಅಂದರು. ಅಮ್ಮ ಮಜ್ಜಿಗೆ ಕೊಟ್ಟರು. ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಯಜಮಾನರು ಆಡಿದ ಮಾತೆಲ್ಲ ಹಸುಗಳದ್ದು. ಎರಡು ಹಸು ಕರೆಯುತ್ತಿದ್ದವರು ಅವರೇ. ಅಮ್ಮನಿಗೆ ಮಂಡಿನೋವು, ಮಗನಿಗೆ ಬೆಳಿಗ್ಗೆ ಆರಕ್ಕೇ ಶಿಫ್ಟು. ಡೇರಿಗೆ ದಿನಾ ಎರಡು ಹೊತ್ತು ಹಾಕುತ್ತಿದ್ದ ಹಾಲು ನಿಂತಿತು. ಒಂದು ಹಸುವನ್ನು ಹೋದ ವಾರ ಮಾರಿದರಂತೆ. “ಇನ್ನೊಂದು ಗಬ್ಬದ್ದು, ಅದ್ಕೆ ಮಡಿಕಂಡಿವಿ” ಅಂದರು. ಹೊರಡುವಾಗ, “ನಿಮ್ ಕಾರ್ ಎಲ್ಲಿಂದ ಬಂತು ಅನ್ನದೇ ಗೊತ್ತಾಗ್ನಿಲ್ಲ ಕನಿ ಸಾ. ನಾನ್ ಆ ಕಡೆ ನೋಡ್ನೇ ಇಲ್ಲ” ಅಂದರು, ತಪ್ಪು ತಮ್ಮದೇನೋ ಎನ್ನುವ ಹಾಗೆ. ನನಗೆ ಅಲ್ಲಿ ಇನ್ನೊಂದು ನಿಮಿಷ ಕೂರಲಾಗಲಿಲ್ಲ.

ಆರ್‌ಟಿಒ ನೋಟಿಸು ಕೋರ್ಟಿಗಿಂತ ಮುಂಚೆ ಬಂತು: ನಿಮ್ಮ ಲೈಸೆನ್ಸನ್ನು ಏಕೆ ಅಮಾನತು ಮಾಡಬಾರದು, ಹಾಜರಾಗಿ ವಿವರಣೆ ಕೊಡಿ. ಹೋದೆ. ಈ ಸಲ ಸ್ಪೀಡಿನ ಮಾತು ಎತ್ತಲಿಲ್ಲ. ಮೂರು ತಿಂಗಳು ಅಮಾನತಾಯಿತು, ಕಾರ್ಡು ಅಲ್ಲೇ ಒಪ್ಪಿಸಿ ಬಂದೆ. ಕಾರಿಗೆ ಮಾತ್ರ ಅಂದುಕೊಂಡಿದ್ದೆ, ಸ್ಕೂಟರಿಗೂ ಅದೇ ಕಾರ್ಡು ತಾನೇ? ಮಗಳ ಹಳೇ ಸೈಕಲ್ಲಿಗೆ ಗಾಳಿ ಹಾಕಿಸಿದೆ. ನಾಚಿಕೆಯ ಸಂಗತಿ ಇದು: ಸೈಕಲ್ ಹತ್ತಿದ ಮೊದಲ ವಾರವೇ ಒಂದು ದಿನ ಬಂಕಿನಿಂದ ಅಂಗಡಿಗೆ ಅದೇ ನೂರೈವತ್ತು ಮೀಟರನ್ನು ಎದುರು ದಿಕ್ಕಿನಲ್ಲಿ ತುಳಿದುಕೊಂಡು ಬಂದಿದ್ದೆ, ಅಂಗಡಿಯ ಶಟರ್ ಎತ್ತುವವರೆಗೂ ಗೊತ್ತೇ ಆಗಿರಲಿಲ್ಲ.

ಸಮನ್ಸು ಬರುವ ಹೊತ್ತಿಗೆ ಮತ್ತೆ ಮಳೆಗಾಲ. ವಕೀಲರು ಎರಡು ದಾರಿ ಇಟ್ಟರು. ವಾದ ಮಾಡಿದರೆ ಎರಡು ಮೂರು ವರ್ಷ ಎಳೆಯುತ್ತದೆ, ಸಾಕ್ಷಿಗಳು ಒಬ್ಬೊಬ್ಬರೇ ತಪ್ಪಿಸಿಕೊಳ್ಳುತ್ತಾರೆ, ಖುಲಾಸೆ ಆದರೂ ಆಗಬಹುದು. ತಪ್ಪೊಪ್ಪಿಕೊಂಡರೆ ಬಹುಶಃ ದಂಡದಲ್ಲಿ ಮುಗಿಯುತ್ತದೆ. “ಆದ್ರೆ ಇದು ಟ್ರಾಫಿಕ್ ಚಲನ್ ಕಟ್ಟಿದ ಹಾಗಲ್ಲ. ನ್ಯಾಯಾಲಯ ನಿಮ್ಮನ್ನ ಅಪರಾಧಿ ಅಂತ ತೀರ್ಮಾನಿಸುತ್ತೆ, ಅದು ದಾಖಲೆ. ಪರಿಹಾರದ ಕೇಸಿನಲ್ಲೂ ಅದನ್ನ ಹಾಜರುಪಡಿಸ್ತಾರೆ.” ಟೀ ಅಂಗಡಿಯವರು ಸಾಕ್ಷಿ ಹೇಳಲು ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಬರದಿದ್ದರೆ ನಾನು ಗೆಲ್ಲುತ್ತೇನೆ. ಆದರೆ ಹಾಳೆಯ ಮೇಲಿನ ಆ ಎರಡು ಬಾಣ ಕಣ್ಣ ಮುಂದಿಂದ ಹೋಗಿರಲಿಲ್ಲ. ಒಪ್ಪಿಕೊಳ್ಳುತ್ತೇನೆ ಅಂದೆ.

ಕೋರ್ಟಿನ ಮೊಗಸಾಲೆಯಲ್ಲಿ ಕಾದದ್ದು ಹನ್ನೊಂದರಿಂದ ಮೂರೂವರೆವರೆಗೆ. ಪಕ್ಕದಲ್ಲಿ ಕೂತಿದ್ದ ಲಾರಿ ಡ್ರೈವರ್ ಒಬ್ಬ ತನ್ನ ಕೇಸು ಹೇಳಿಕೊಂಡ. ಸಾವಿನ ಕೇಸು. ಈಗಿನ 106(1)ರಲ್ಲಿ ಐದು ವರ್ಷದವರೆಗೆ ಇದೆ, ಹಳೇ 304(ಎ)ಯಲ್ಲಿ ಎರಡು ವರ್ಷ. ಅವನದ್ದು 2024ರ ಜೂನಿನದ್ದು, ಹೊಸ ಕಾಯ್ದೆಗೆ ವಾರ ಮುಂಚೆ ಆದದ್ದರಿಂದ ಹಳೇ ಕಲಮೇ ಲಾಗೂ. “ಒಂದ್ ವಾರ ತಡವಾಗಿದ್ರೆ ಐದು ವರ್ಷ ಆಗ್ತಿತ್ತಂತೆ” ಅಂದ. ಹೇಳುವ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. ಓಡಿಹೋದವರಿಗೆ ಹತ್ತು ವರ್ಷ ಎನ್ನುವ 106(2)ರ ವಿರುದ್ಧ 2024ರ ಜನವರಿಯಲ್ಲಿ ದೇಶಾದ್ಯಂತ ಲಾರಿ ನಿಂತಾಗ ಅವನೂ ಎರಡು ದಿನ ಗಾಡಿ ನಿಲ್ಲಿಸಿದ್ದನಂತೆ. ಆ ಉಪಕಲಮನ್ನು ಜುಲೈ 1ರಂದು ಉಳಿದದ್ದರ ಜೊತೆ ಜಾರಿಗೆ ತರಲಿಲ್ಲ.

ಅವನ ಆಚೆ ಕೂತಿದ್ದವರು ಒಬ್ಬ ರೈತ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನೋಟು. ಹತ್ತನೇ ತರಗತಿಯ ಮಗ ಬೈಕು ತೆಗೆದುಕೊಂಡು ಹೋಗಿ ಸಿಕ್ಕಿಬಿದ್ದಿದ್ದ. 199(ಎ): ಅಪ್ರಾಪ್ತರ ಕೈಗೆ ಗಾಡಿ ಹೋದರೆ ಪೋಷಕರೇ ಹೊಣೆ, 25,000 ದಂಡ, ಜೊತೆಗೆ ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. “ಅವ್ನು ಯಾರ್ಗೂ ಗುದ್ಲಿಲ್ಲ ಸಾ, ಚೆಕಿಂಗ್‌ನಲ್ಲಿ ಹಿಡುದ್ರು” ಅಂದರು. ನನ್ನ ಕೇಸಿನಲ್ಲಿ ಒಬ್ಬರ ಕೈ ಮುರಿದಿತ್ತು, ವಕೀಲರು ನನಗೆ ತರಲು ಹೇಳಿದ್ದು ಹತ್ತು ಸಾವಿರ. ಇದರ ತೂಕ ಹೇಗೆ ಮಾಡಿದ್ದಾರೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಜವಾನ ಹೆಸರು ಕೂಗಿದ. ಒಳಗೆ ಆದದ್ದು ನಾಲ್ಕೈದು ನಿಮಿಷ. ಆರೋಪ ಓದಿ ಹೇಳಿದರು, ಮತ್ತೆ ಅದೇ ‘ಅತಿವೇಗ ಮತ್ತು ಅಜಾಗರೂಕತೆ’. ಅರ್ಥವಾಯಿತೇ ಎಂದು ನ್ಯಾಯಾಧೀಶರು ಕೇಳಿದರು. ಆಯಿತು ಅಂದೆ. ಯಾರದಾದರೂ ಒತ್ತಾಯವಿದೆಯೇ, ಒಪ್ಪಿಕೊಂಡರೆ ಶಿಕ್ಷೆಯಾಗುತ್ತದೆಂದು ಗೊತ್ತಿದೆಯೇ ಎಂದು ಎರಡು ಸಲ ಕೇಳಿದರು. ಗೊತ್ತಿದೆ ಸ್ವಾಮಿ ಅಂದೆ. ನನ್ನ ಕಡೆ ನೋಡಿ, “ಡಿವೈಡರ್ ಯಾಕೆ ಹಾಕಿದ್ದಾರೆ ಅಂದುಕೊಂಡಿದ್ದೀರಿ?” ಅಂದರು. ಅದಕ್ಕೆ ಉತ್ತರ ಬೇಕಿರಲಿಲ್ಲವೇನೋ, ಬರೆಯಲು ಶುರುಮಾಡಿದ್ದರು. 281ಕ್ಕೆ ಸಾವಿರ, 125(ಬಿ)ಗೆ ಐದು ಸಾವಿರ, ಕಟ್ಟಲು ತಪ್ಪಿದರೆ ಸಾದಾ ಸಜೆ. ಕೌಂಟರಿನಲ್ಲಿ ಆರು ಸಾವಿರ ಕಟ್ಟಿ ರಸೀದಿ ಪಡೆದೆ.

ಇದೆಲ್ಲಕ್ಕಿಂತ ದೊಡ್ಡ ಮೊತ್ತ ನನ್ನ ಜೇಬಿನಿಂದ ಹೋಗಲಿಲ್ಲ. ಯಜಮಾನರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದ್ದರು, ನಾನು ಒಂದನೇ ಎದುರುದಾರ, ವಿಮಾ ಕಂಪನಿ ಎರಡನೆಯದು. ಅವರ ಎಕ್ಸೆಲ್‌ಗೆ ವಿಮೆ ಇಲ್ಲದ್ದು ಅವರ ಮೇಲೆ ಬೇರೆ ತಪ್ಪು, ಮೊದಲ ಸಲಕ್ಕೆ 2,000 ದಂಡ. ಅದರಿಂದ ನನ್ನ ಕಾರಿನ ವಿಮೆಯಿಂದ ಬರಬೇಕಾದ ಪರಿಹಾರ ತಪ್ಪಿಹೋಗುವುದಿಲ್ಲವೆಂದು ಅವರ ವಕೀಲರು ಮಗನಿಗೆ ಹೇಳಿದ್ದು ಒಳ್ಳೆಯದಾಯಿತು. ಕಂಪನಿ ನನ್ನಿಂದ ಡಿಎಲ್ ಪ್ರತಿ ಕೇಳಿತು, ಅಪಘಾತದ ದಿನ ಅದು ಚಾಲ್ತಿಯಲ್ಲಿತ್ತು. ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಎಷ್ಟಕ್ಕೆ ಎನ್ನುವುದು ಅವರ ಮನೆಯ ವಿಷಯ, ಇಲ್ಲಿ ಬೇಡ. 1,000ದಿಂದ 1,500 ಸಿಸಿಯ ಕಾರಿಗೆ ಮೂರನೇ ವ್ಯಕ್ತಿಯ ವಿಮೆಯ ಕಂತು ಆಗ ತೆರಿಗೆ ಬಿಟ್ಟು ವರ್ಷಕ್ಕೆ 3,416 ರೂಪಾಯಿ ಇತ್ತು. ಪ್ರತಿ ವರ್ಷ ಅದನ್ನು ಕಟ್ಟುವಾಗ ಗೊಣಗುತ್ತಿದ್ದವನು ನಾನು. ಆ ವರ್ಷ ಕಟ್ಟಲು ಮರೆತಿದ್ದರೆ ಗೋದಾಮಿನ ದಾಸ್ತಾನು ಮಾರಬೇಕಿತ್ತು.

ಹೋದ ತಿಂಗಳು ಯಜಮಾನರು ಅಂಗಡಿಗೆ ಬಂದರು. ಎಕ್ಸೆಲ್ಲೇ. ಯೂರಿಯಾ ಎರಡು ಚೀಲ ಬೇಕಿತ್ತು, ಭತ್ತಕ್ಕೆ. ಕೈ ಹೇಗಿದೆ ಅಂದೆ. “ಮಳೆ ಮೋಡ ಆದ್ರೆ ನೋಯ್ತದೆ, ಇಲ್ದಿದ್ರೆ ಏನಿಲ್ಲ” ಅಂದರು. ಎಕ್ಸೆಲ್‌ಗೆ ಇನ್ಶೂರೆನ್ಸ್ ಕಟ್ಟಿಸಿದ್ದೇನೆಂದು ಕೇಳದೆಯೇ ಹೇಳಿದರು. 45 ಕೆಜಿಯ ಚೀಲ. ಅವರ ವಯಸ್ಸಿನ ನಮ್ಮ ಕಡೆಯ ರೈತರು ಅದನ್ನು ಹುಡುಗರಿಗೆ ಬಿಡುವುದಿಲ್ಲ, ತಾವೇ ಎತ್ತಿ ಗಾಡಿಯ ಮುಂದೆ ಒಗೆಯುತ್ತಾರೆ. ಇವರು ಬಗ್ಗಿ, ಚೀಲದ ಕಿವಿಗೆ ಎಡಗೈ ಹಾಕಿ, ಬಲಗೈ ತಂದು, ಒಂದು ಗಳಿಗೆ ನಿಂತು ಕೈ ಬಿಟ್ಟರು.

“ಹುಡ್ಗನ್ಗೆ ವಸಿ ಎತ್ಕೊಡಕ್ಕೆ ಹೇಳಿ ಸಾ” ಅಂದರು.

ಹುಡುಗ ಊಟಕ್ಕೆ ಹೋಗಿದ್ದ. ನಾನೇ ಎರಡು ಚೀಲವನ್ನೂ ಎತ್ತಿ ಎಕ್ಸೆಲ್‌ನ ಮೇಲಿಟ್ಟು, ಹಗ್ಗ ಬಿಗಿದುಕೊಟ್ಟೆ. ಅವರು ದುಡ್ಡು ಎಣಿಸಿ ಕೊಟ್ಟು, ಚಿಲ್ಲರೆ ಮೂರು ರೂಪಾಯಿ ಉಳಿದದ್ದನ್ನು ಕೇಳಿ ಇಸಿದುಕೊಂಡು ಹೋದರು.